ಅಯ್ಯಂಗಾರ್ಯರ ಲಿವರಿಗೆ ಚೆಕ್ಕುಬಂದಿ

ನಮ್ಮ ಬಸವನಗುಡಿಯಲ್ಲಿ ಸನ್ಮಾನಕ್ಕೇನೂ ಬರವಿಲ್ಲ. ಯಾವ ಸಭೆಗೆ ಹೋಗಿ ಕೂತರೂ ಯಾರಾದರೊಬ್ಬರ ಹೆಗಲಿಗೆ ಶಾಲು ಬಿದ್ದೇ ಬೀಳುತ್ತದೆ. ಸ್ವಲ್ಪ ಎಚ್ಚರ ತಪ್ಪಿ ಮುಂದಿನ ಸಾಲಿನಲ್ಲಿ ಕೂತರೆ ನಮ್ಮ ಹೆಗಲಿಗೇ ಬೀಳುತ್ತದೆ. ಆದರೆ ನಮ್ಮ ಪಾರ್ಕಿನ ಮುಂಜಾನೆ ನಡಿಗೆದಾರರ ಸಂಘದವರು ಕೊಡುವ ‘ಆರೋಗ್ಯ ಶಿರೋಮಣಿ’ ಅಂಥ ಅಗ್ಗದ ಬಾಬಲ್ಲ. ಕಡಲೆಕಾಯಿ ಪರಿಷೆ ಮುಗಿದ ಮೇಲಿನ ಮೊದಲ ಭಾನುವಾರ, ವರ್ಷಕ್ಕೆ ಒಬ್ಬರಿಗೆ ಮಾತ್ರ, ಜರಿಯ ಮೈಸೂರು ಪೇಟ ತೊಡಿಸಿ ಕೊಡುವ ಗೌರವ ಅದು. ತೊಟ್ಟವರ ಫೋಟೋ ಒಂದು ವರ್ಷ ಪೂರ್ತಿ ಪಾರ್ಕಿನ ನೋಟೀಸ್ ಬೋರ್ಡಿನಲ್ಲಿ, ಗಾಜಿನ ಹಿಂದೆ ನಗುತ್ತಿರುತ್ತದೆ. ಸಂಘದ ನಡಾವಳಿ ಬರೆಯುವವನು ನಾನೇ ಆದ್ದರಿಂದ ಇದನ್ನೆಲ್ಲ ಅಧಿಕಾರದಿಂದ ಹೇಳುತ್ತಿದ್ದೇನೆ.

ಈ ಪೇಟಕ್ಕಾಗಿ ನನ್ನ ಪಕ್ಕದ ಮನೆಯ ರಾಮಾನುಜ ಅಯ್ಯಂಗಾರ್ಯರು ಹನ್ನೊಂದು ವರ್ಷ ಕಾದಿದ್ದರು. ಅವರು ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಸರಪಳಿ ಹಿಡಿದು ರಾಜ್ಯದ ಅರ್ಧ ಭಾಗವನ್ನು ಅಳೆದು ನಿವೃತ್ತರಾದವರು. ವಯಸ್ಸು ಎಪ್ಪತ್ತೊಂದು. ಬಿ.ಪಿ. ಇಲ್ಲ, ಶುಗರ್ ಇಲ್ಲ, ಒಂದು ಮಾತ್ರೆ ಇಲ್ಲ. ದಿನಾ ಬೆಳಿಗ್ಗೆ ಪಾರ್ಕಿಗೆ ಹನ್ನೊಂದು ಸುತ್ತು ಹಾಕಿ, ಕಲ್ಲುಬೆಂಚಿನ ಮೇಲೆ ಕೂತು, ಮಾತ್ರೆ ನುಂಗುವ ನಮ್ಮನ್ನೆಲ್ಲ ಕರುಣೆಯಿಂದ ನೋಡುತ್ತಿದ್ದರು.

“ನನ್ನ ಬಾಡಿ ತಕರಾರಿಲ್ಲದ ಜಮೀನು ರಾಯರೇ. ಯಾವ ಆಫೀಸರ್ ಬಂದು ಅಳೆದ್ರೂ ಒಂದಿಂಚು ವ್ಯತ್ಯಾಸ ಬರಲ್ಲ” ಎನ್ನುವುದು ಅವರ ಬೆಳಗಿನ ಮಾತು. ಈ ಮಾತಿಗೆ ಪ್ರತಿದಿನವೂ ಮುಖ ಸಿಂಡರಿಸುತ್ತಿದ್ದವರು ಸಂಘದ ಕಾರ್ಯದರ್ಶಿ ದೊರೆಸ್ವಾಮಿ. ಅವರೂ ಪೇಟದ ಆಕಾಂಕ್ಷಿಯೇ. ಅರವತ್ತಾರರ ವಯಸ್ಸಿನಲ್ಲಿ ಪಾರ್ಕಿನ ಕಬ್ಬಿಣದ ಸರಳಿಗೆ ನೇತಾಡಿ ಎಲ್ಲರ ಕಡೆ ನೋಡುವ ಅಭ್ಯಾಸ ಅವರಿಗಿತ್ತು.

ಹೋದ ವರ್ಷ ಪೇಟ ತೊಟ್ಟ ಮಹನೀಯರು ಪೇಟದ ಸಮೇತ ವೇದಿಕೆಯ ಮೇಲೇ ಕುಸಿದು ಆಸ್ಪತ್ರೆ ಸೇರಿದ್ದರಿಂದ ಸಂಘದ ಮಾನ ಹೋಗಿತ್ತು. ಆದ್ದರಿಂದ ಈ ವರ್ಷ ಅಧ್ಯಕ್ಷರಾದ ಪಂಚಾಕ್ಷರಯ್ಯನವರು ಒಂದು ಹೊಸ ನಿಯಮ ತಂದರು. ಇವರು ಚಿಕ್ಕಪೇಟೆಯಲ್ಲಿ ನಲವತ್ತು ವರ್ಷ ಸೀರೆ ವ್ಯಾಪಾರ ಮಾಡಿದವರು. ಮಡಿಕೆ ಬಿಚ್ಚಿ ಪೂರ್ತಿ ಹಾಸಿ ನೋಡದೆ ಯಾವುದನ್ನೂ ಒಪ್ಪುವವರಲ್ಲ. “ಮೇಲ್ಗಡೆ ಮಿರಮಿರ ಅಂದ್ರೆ ಸಾಲ್ದು. ಒಳಗಡೆ ತೂತಿದ್ಯಾ ನೋಡ್ಬೇಕು. ಪೇಟ ಬೇಕಾದೋರು ಹೊಟ್ಟೆ ಸ್ಕ್ಯಾನಿಂಗ್ ಮಾಡ್ಸಿ ರಿಪೋರ್ಟ್ ಕೊಡ್ಲಿ” ಎಂದರು. ಸಭೆ ಒಪ್ಪಿತು. ನಾನು ಬರೆದೆ.

ಅಯ್ಯಂಗಾರ್ಯರು ಮದುವೆ ಮನೆಗೆ ಹೊರಟವರ ಹಾಗೆ ಇಸ್ತ್ರಿ ಪಂಚೆ ಉಟ್ಟು ಸ್ಕ್ಯಾನಿಂಗ್ ಸೆಂಟರಿಗೆ ಹೊರಟರು. ಸಾಕ್ಷಿಗೆ ನಾನೂ ಹೋದೆ. ಪರದೆಯ ಆಚೆ ಡಾಕ್ಟರಮ್ಮ ಅವರ ಹೊಟ್ಟೆಗೆ ತಣ್ಣನೆಯ ಜೆಲ್ಲು ಹಚ್ಚಿ, “ಉಸ್ರು ಎಳ್ಕೊಳಿ, ಹಿಡ್ಕೊಳಿ, ಬಿಡಿ” ಎನ್ನುವುದು ನನಗೆ ಕೇಳುತ್ತಿತ್ತು. ಬಲಗಡೆ ಪಕ್ಕೆಯ ಹತ್ತಿರ ಬಂದಾಗ ಇದನ್ನೇ ಆರು ಸಲ ಹೇಳಿದರು.

“ಎಷ್ಟೊತ್ತು ಬೇಕಾದ್ರೂ ಹಿಡೀತೀನಿ, ನೋಡ್ಕೊಳಮ್ಮ. ಇಂಥ ಲಿವರ್ ನಿಮ್ಗೆ ದಿನಾ ಸಿಗಲ್ಲ” ಎಂದರು ಅಯ್ಯಂಗಾರ್ಯರು.

“ಹೌದು ಸರ್. ಇದ್ರಲ್ಲಿ ಒಂದು ಚಿಕ್ಕ ಮಚ್ಚೆ ಥರ ಕಾಣ್ತಿದೆ. ಗಾಬರಿ ಆಗೋಂಥದ್ದೇನಲ್ಲ, ಆದ್ರೂ ಒಂದ್ಸಲ ಲಿವರ್ ಡಾಕ್ಟರ್‌ಗೆ ತೋರ್ಸ್ಬಿಡಿ” ಎಂದರು ಆಕೆ.

ಹೊರಗೆ ಬಂದ ಅಯ್ಯಂಗಾರ್ಯರು ಉಸಿರನ್ನು ಇನ್ನೂ ಹಿಡಿದೇ ಇದ್ದರು. ಅವರ ಬೆನ್ನು ತಟ್ಟಿ ಬಿಡಿಸಬೇಕಾಯಿತು. ಲಿವರಿನ ಬಲಭಾಗದಲ್ಲಿ ಅಂಚು ಸ್ಪಷ್ಟವಾಗಿರುವ ಒಂದು ಬಿಳಿಯ ಮಚ್ಚೆ, ಅಳತೆ ಹದಿನೆಂಟು ಮಿಲಿಮೀಟರಿಗೆ ಹದಿನಾರು, ಆಕಸ್ಮಿಕವಾಗಿ ಕಂಡದ್ದು, ಹೆಚ್ಚಿನ ಪರೀಕ್ಷೆ ಸೂಕ್ತ ಎಂದು ವರದಿಯಲ್ಲಿತ್ತು.

ಬೇರೆ ಯಾರಾದರೂ ಆಗಿದ್ದರೆ ನೆಟ್ಟಗೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಅವರ ಹೆಂಡತಿ ಗೋದಮ್ಮನವರು ಹೇಳಿದ್ದೂ ಅದನ್ನೇ. ಆದರೆ ಸರ್ವೆ ಇಲಾಖೆಯವರಿಗೆ ಒಂದು ಪದ್ಧತಿ ಇದೆ: ಮೊದಲು ನಕ್ಷೆ, ಆಮೇಲೆ ಮಾತು. ಅಯ್ಯಂಗಾರ್ಯರು ಹಾಲಿನ ಟೇಬಲ್ಲಿನ ಮೇಲೆ ಗ್ರಾಫ್ ಹಾಳೆ ಹರಡಿ ತಮ್ಮ ಲಿವರನ್ನು ಬರೆದು, ಮಚ್ಚೆಗೆ ಕೆಂಪು ಶಾಯಿಯಲ್ಲಿ ಗಡಿ ಹಾಕಿ, ಕೆಳಗೆ ಚೆಕ್ಕುಬಂದಿ ಬರೆದರು. ಪೂರ್ವಕ್ಕೆ ಪಿತ್ತಕೋಶ. ಪಶ್ಚಿಮಕ್ಕೆ ಪಕ್ಕೆಲುಬು. ಉತ್ತರಕ್ಕೆ ಶ್ವಾಸಕೋಶ. ದಕ್ಷಿಣಕ್ಕೆ ಬಲ ಮೂತ್ರಪಿಂಡ.

ಗೋದಮ್ಮನವರು ಕಾಫಿ ಲೋಟ ಇಡುತ್ತ ನಕ್ಷೆಯನ್ನು ಇಣುಕಿ ನೋಡಿದರು. “ಏನ್ರೀ ಇದು, ಉತ್ತರಕ್ಕೆ ತಲೆ ಹಾಕಿದೀರಲ್ರೀ! ಕಾಗದದ ಮೇಲಾದ್ರೂ ಸರಿ, ಒಳ್ಳೇದಲ್ಲ. ತಿರುಗ್ಸಿ.”

“ನಕ್ಷೇಲಿ ಉತ್ತರ ಮೇಲೇ ಇರೋದು ಗೋದಾ. ಅದು ಸರ್ಕಾರದ ನಿಯಮ.”

“ಸರ್ಕಾರಕ್ಕೇನು, ಅದು ಮಲಗಲ್ಲ” ಎಂದು ಆಕೆ ಒಳಗೆ ಹೋದರು.

ಸರ್ವೆಯವರ ಇನ್ನೊಂದು ಪದ್ಧತಿ, ಒಂದೇ ಅಳತೆಯನ್ನು ನಂಬದಿರುವುದು. ನಾಲ್ಕನೆಯ ದಿನ ಅವರು ಯಾರಿಗೂ ಹೇಳದೆ ಚಾಮರಾಜಪೇಟೆಯ ಇನ್ನೊಂದು ಸ್ಕ್ಯಾನಿಂಗ್ ಸೆಂಟರಿಗೆ ಹೋದರು. ಮೊದಲ ಅಳತೆ ಗೊತ್ತಾದರೆ ಎರಡನೆಯವರು ಅದನ್ನೇ ನಕಲು ಮಾಡುತ್ತಾರೆ ಎಂಬುದು ಅವರ ಅನುಭವ. ಆದ್ದರಿಂದ ಮೊದಲ ವರದಿಯನ್ನು ತೋರಿಸಲೇ ಇಲ್ಲ. ಎರಡನೆಯ ವರದಿ ಬಂತು: ಇಪ್ಪತ್ತೊಂದಕ್ಕೆ ಹದಿನೇಳು.

ನನ್ನ ಮನೆಯ ಬಾಗಿಲು ಬಡಿದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. “ಒತ್ತುವರಿ ಆಗ್ತಿದೆ ರಾಯರೇ! ನಾಲ್ಕು ದಿನಕ್ಕೆ ಮೂರು ಮಿಲಿಮೀಟರ್. ಲೆಕ್ಕ ಹಾಕಿದೀನಿ. ಯುಗಾದಿ ಹೊತ್ತಿಗೆ ಹನ್ನೆರಡೂವರೆ ಸೆಂಟಿಮೀಟರ್. ಲಿವರ್ ಪೂರ್ತಿ ಹೋಯ್ತು. ರಾಮನವಮಿಗೆ ಕಿಡ್ನಿ!”

ನಾನು ಅವರನ್ನು ಒಳಗೆ ಕರೆದು ಕೂರಿಸಿದೆ. ಇಷ್ಟು ವರ್ಷ ಅವರ ಜಂಬ ಕೇಳಿ ಕೇಳಿ ಬೇಸತ್ತಿದ್ದೆ ನಿಜ, ಆದರೆ ಆ ಹೊತ್ತಿಗೆ ಅವರು ಎಂದಿನಂತೆ ಜಂಬ ಕೊಚ್ಚಿದ್ದರೆ ಸಾಕಿತ್ತು ಅನ್ನಿಸಿತು.

ಅಂದಿನಿಂದ ಅಯ್ಯಂಗಾರ್ಯರು ಪಾರ್ಕಿಗೆ ಬರುವುದನ್ನು ಬಿಟ್ಟರು. ಅಲುಗಾಡಿದರೆ ಮಚ್ಚೆ ಇನ್ನಷ್ಟು ಹರಡೀತೆಂದು ಹಾಲಿನ ಕುರ್ಚಿಯಲ್ಲಿ ನಿಶ್ಚಲವಾಗಿ ಕೂತರು. ಡಾಕ್ಟರರ ಹತ್ತಿರ ಹೋಗೋಣವೆಂದರೆ, “ಪರಿಷೆ ಮುಗೀಲಿ. ಪೇಟ ಒಂದು ತಲೆ ಮೇಲೆ ಬೀಳ್ಲಿ. ಆಮೇಲೆ ಏನು ಬೇಕಾದ್ರೂ ಆಗ್ಲಿ” ಎನ್ನುತ್ತಿದ್ದರು. ಆ ಫೋಟೋ ಗಾಜಿನ ಹಿಂದೆ ಸೇರುವವರೆಗಾದರೂ ಬದುಕಿರಬೇಕು ಎನ್ನುವುದಷ್ಟೇ ಅವರ ಆಸೆ.

ಆದರೆ ಬಸವನಗುಡಿಯಲ್ಲಿ ಗುಟ್ಟು ಎನ್ನುವ ಪದಾರ್ಥವನ್ನು ಎರಡು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಆಗುವುದಿಲ್ಲ. ಮಹಡಿಯ ಮನೆಯ ಕಲ್ಯಾಣಮ್ಮನವರು ಸೊಪ್ಪಿನ ಗಾಡಿಯ ಹತ್ತಿರ ಗೋದಮ್ಮನವರನ್ನು ಹಿಡಿದರು.

“ಲಿವರಾ? ಅಯ್ಯೋ ಶಿವನೇ! ಅದು ಕುಡಿಯೋರಿಗಲ್ವಾ ಬರೋದು?”

“ನಮ್ಮನೆಯವ್ರು ಕಾಫಿ ಬಿಟ್ರೆ ಏನೂ ಕುಡಿಯಲ್ಲ ಕಣ್ರೀ.”

“ಹಾಗೇ ಅಂದ್ಕೋತೀವಿ ನಾವು” ಎಂದು ಕಲ್ಯಾಣಮ್ಮ ಅನುಕಂಪದಿಂದ ಒಂದು ಕಟ್ಟು ದಂಟಿನ ಸೊಪ್ಪನ್ನು ಆಕೆಯ ಚೀಲಕ್ಕೆ ತುರುಕಿದರು.

ಬೆಳಿಗ್ಗೆ ಹತ್ತಕ್ಕೆ ಹೊರಟ ಸುದ್ದಿ ಮಧ್ಯಾಹ್ನ ಗಾಂಧಿಬಜಾರ್ ದಾಟಿತು. ಸಂಜೆಗೆ ವಿಶ್ವೇಶ್ವರಪುರಂನ ತಿಂಡಿ ಬೀದಿ ಮುಟ್ಟುವಷ್ಟರಲ್ಲಿ ಅದಕ್ಕೆ ಬ್ರಾಂಡಿನ ಹೆಸರೂ ಸೇರಿಕೊಂಡಿತ್ತು. ಮಲ್ಲೇಶ್ವರದಿಂದ ಅವರ ಸೋದರಳಿಯ ಮಧುಸೂದನ್ ಫೋನ್ ಮಾಡಿ, “ಏನ್ ಮಾಮ, ಇಷ್ಟ್ ವರ್ಷ ಒಬ್ರೇನಾ? ಒಂದ್ ಮಾತು ಹೇಳಿದ್ರೆ ನಾನಾದ್ರೂ ಕಂಪನಿ ಕೊಡ್ತಿದ್ನಲ್ಲ” ಎಂದು ನೊಂದುಕೊಂಡ. ಕೊನೆಗೊಂದು ದಿನ ದೊರೆಸ್ವಾಮಿಯೇ ಬಂದು ಕುರ್ಚಿ ಎಳೆದು ಕೂತು ಅಯ್ಯಂಗಾರ್ಯರ ಮೊಣಕಾಲು ಸವರಿದರು. “ಮನುಷ್ಯ ಅಂದ್ಮೇಲೆ ಅಭ್ಯಾಸ ಇರತ್ತೆ ಅಯ್ಯಂಗಾರ್ರೇ. ಪೇಟದ ಯೋಚ್ನೆ ಬಿಡಿ. ಅದ್ನ ನಾನು ನೋಡ್ಕೋತೀನಿ.”

ಇದು ಕೆಲಸ ಮಾಡಿತು. ಹದಿನಾಲ್ಕು ದಿನ ಅಲುಗದಿದ್ದ ಮನುಷ್ಯ ಎದ್ದು ನಿಂತು ಗುಡುಗಿದರು. “ನಡೀರಿ ಡಾಕ್ಟರ್ ಹತ್ರ! ಈಗ್ಲೇ! ಅಧ್ಯಕ್ಷರ್ನೂ ಕರೀರಿ. ಎಲ್ಲಾರ ಎದುರಿಗೇ ಪಂಚನಾಮೆ ಆಗ್ಲಿ!”

ಹಾಗಾಗಿ ಲಿವರ್ ತಜ್ಞೆ ಡಾಕ್ಟರ್ ಸುಪ್ರಜಾ ಅವರ ಪುಟ್ಟ ಕೋಣೆಗೆ ನಾವು ಐದು ಜನ ನುಗ್ಗಿದೆವು: ಅಯ್ಯಂಗಾರ್ಯರು, ಗೋದಮ್ಮ, ಅಧ್ಯಕ್ಷರು, ಕಾರ್ಯದರ್ಶಿ, ನಡಾವಳಿ ಪುಸ್ತಕ ಹಿಡಿದ ನಾನು. ಡಾಕ್ಟರ್ ಚಿಕ್ಕ ವಯಸ್ಸಿನವರು. ಒಂದು ಕ್ಷಣ ಆಸ್ಪತ್ರೆಯ ವಿರುದ್ಧ ಮೆರವಣಿಗೆ ಬಂದಿದೆಯೆಂದು ತಿಳಿದರು.

“ಡ್ರಿಂಕ್ಸ್ ಅಭ್ಯಾಸ ಇದ್ಯಾ ಸರ್?” ಎಂದು ಕೇಳಿದರು. ಕೋಣೆಯಲ್ಲಿ ಎಲ್ಲರೂ ಮುಂದಕ್ಕೆ ಬಾಗಿದೆವು.

“ಇದೆ” ಎಂದರು ಅಯ್ಯಂಗಾರ್ಯರು, ದೊರೆಸ್ವಾಮಿಯ ಕಣ್ಣನ್ನೇ ನೋಡುತ್ತ. “ರಾಮನವಮಿಗೆ ಪಾನಕ. ಎರಡು ಲೋಟ. ಬರ್ಕೊಳಿ.”

ಕಾಮಾಲೆ ಬಂದಿತ್ತೇ, ತೂಕ ಇಳಿದಿದೆಯೇ, ಹಿಂದೆ ಎಲ್ಲಾದರೂ ಗೆಡ್ಡೆ ಆಗಿತ್ತೇ ಎಂದೆಲ್ಲ ಡಾಕ್ಟರ್ ವಿಚಾರಿಸಿದರು. ಎಲ್ಲಕ್ಕೂ ಇಲ್ಲ. ಆಮೇಲೆ ಎರಡು ವರದಿಗಳನ್ನೂ ಕೆಂಪು ಶಾಯಿಯ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅಯ್ಯಂಗಾರ್ಯರು ಒತ್ತುವರಿಯ ವೇಗವನ್ನು ವಿವರಿಸಿದರು.

“ಅಂಕಲ್, ಆಲೂಗಡ್ಡೆ ಅಡ್ಡ ಕೊಯ್ದ್ರೆ ಒಂದಳತೆ, ಉದ್ದಕ್ಕೆ ಕೊಯ್ದ್ರೆ ಇನ್ನೊಂದಳತೆ ಬರಲ್ವಾ? ಮೆಷಿನ್ ಬೇರೆ, ಕೈ ಬೇರೆ, ನೀವು ಉಸ್ರು ಹಿಡಿದಿದ್ದೂ ಬೇರೆ. ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿ ಆಗೇ ಆಗತ್ತೆ. ಇದು ಬೆಳೆದಿಲ್ಲ. ಮೊದಲ್ನೇ ರಿಪೋರ್ಟ್ ತೋರಿಸಿದ್ರೆ ಅವ್ರೇ ಹೇಳಿರೋರು.”

ಮೂವತ್ತಮೂರು ವರ್ಷ ಸರಪಳಿ ಹಿಡಿದವರಿಗೆ ಅಳತೆಯ ಪಾಠ! ಅಯ್ಯಂಗಾರ್ಯರು ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, “ಹಾಗಾದ್ರೆ ಸೂಜಿ ಹಾಕಿ ಒಂಚೂರು ಅಗೆದು ನೋಡೋದು?” ಎಂದರು.

“ಬೇಡವೇ ಬೇಡ. ಇದು ರಕ್ತನಾಳಗಳ ಒಂದು ಚಿಕ್ಕ ಗಂಟು ಅನ್ಸತ್ತೆ, ಹಿಮ್ಯಾಂಜಿಯೋಮ ಅಂತೀವಿ. ಅಗೆಯೋಕೆ ಹೋದ್ರೆ ಸುಮ್ನೆ ರಕ್ತ ಬರ್ಬಹುದು. ರಕ್ತ ಪರೀಕ್ಷೆ ಮಾಡ್ಸಿ, ಬಣ್ಣದ ಔಷಧಿ ಕೊಟ್ಟು ಒಂದು ಎಂ.ಆರ್.ಐ. ತೆಗ್ಸೋಣ. ಔಷಧಿ ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬ್ಕೊಂಡ್ರೆ ಅದೇ ಅಂತ ಖಾತ್ರಿ.”

ಅಂಚಿನಿಂದಲೇ ತುಂಬಿಕೊಂಡಿತು. ರಕ್ತವೂ ಸರಿಯಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಐವರೂ ಹೋದಾಗ ಡಾಕ್ಟರ್ ನಕ್ಕರು. “ಏನೂ ಮಾಡೋದು ಬೇಡ ಅಂಕಲ್. ಔಷಧಿ ಇಲ್ಲ, ಆಪರೇಷನ್ ಇಲ್ಲ. ಎಷ್ಟೋ ವರ್ಷದಿಂದ ಅಲ್ಲೇ ಇರತ್ತೆ. ಹುಟ್ಟಿದಾಗ್ಲಿಂದ್ಲೂ ಇದ್ದಿರ್ಬಹುದು.”

“ಹುಟ್ಟಿದಾಗ್ಲಿಂದ?” ಅಯ್ಯಂಗಾರ್ಯರ ಬೆನ್ನು ನೆಟ್ಟಗಾಯಿತು. “ಹಾಗಾದ್ರೆ ಒತ್ತುವರಿ ಅಲ್ಲ. ಎಪ್ಪತ್ತೊಂದು ವರ್ಷದ ಸ್ವಾಧೀನ! ಗಡಿ ದಾಟಿಲ್ಲ, ಯಾರಿಗೂ ತೊಂದ್ರೆ ಕೊಟ್ಟಿಲ್ಲ. ಕೇಳಿದ್ರಾ ದೊರೆಸ್ವಾಮಿ? ಮಚ್ಚೆ ಅಂದ್ರೂ ಎಂಥಾ ಮಚ್ಚೆ!”

ಹೊರಡುವಾಗ ಡಾಕ್ಟರ್ ಗೋದಮ್ಮನವರನ್ನು ನೋಡಿ, “ಆಂಟಿ, ನೀವು ಯಾವತ್ತಾದ್ರೂ ಚೆಕಪ್ ಮಾಡ್ಸಿದೀರಾ?” ಎಂದು ಕೇಳಿದರು. “ನಂಗೇನಾಗಿದೆ?” ಎಂದರು ಆಕೆ. ಆ ಹೊತ್ತಿಗೆ ಅಯ್ಯಂಗಾರ್ಯರು ಇಡೀ ಬಸವನಗುಡಿಯನ್ನು ಸ್ಕ್ಯಾನ್ ಮಾಡಿಸುವ ಹುಮ್ಮಸ್ಸಿನಲ್ಲಿದ್ದರು. ಹೆಂಡತಿಯನ್ನು ಅಲ್ಲೇ ಸ್ಕ್ಯಾನಿಂಗಿಗೆ ಕಳಿಸಿದರು.

ಪರಿಷೆ ಮುಗಿಯಿತು. ಭಾನುವಾರಕ್ಕೆ ಇನ್ನೂ ಐದು ದಿನವಿರುವಾಗ ಆಯ್ಕೆಯ ಸಭೆ ಪಾರ್ಕಿನ ಮಂಟಪದಲ್ಲಿ ಸೇರಿತು. ಗೋದಮ್ಮನವರೂ ಗಂಡನ ಫೈಲು ಹಿಡಿದು ಹಿಂದಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅರ್ಜಿ ಹಾಕಿದವರು ಆರು ಜನ. ಪಂಚಾಕ್ಷರಯ್ಯನವರು ಕನ್ನಡಕ ಏರಿಸಿ, ಅಂಟಿಸಿದ ಲಕೋಟೆಗಳನ್ನು ಒಡೆದು ಒಂದೊಂದೇ ವರದಿ ಓದಿದರು. ದೊರೆಸ್ವಾಮಿಯವರ ಪಿತ್ತಕೋಶದಲ್ಲಿ ಎರಡು ಕಲ್ಲು. ಅದನ್ನು ಕೇಳಿದ ದೊರೆಸ್ವಾಮಿ ತಮ್ಮ ಹೊಟ್ಟೆಯನ್ನು ತಾವೇ ಅಪರಿಚಿತರನ್ನು ನೋಡುವಂತೆ ನೋಡಿಕೊಂಡರು. ಮೂರನೆಯವರಿಗೆ ಕಿಡ್ನಿಯಲ್ಲಿ ನೀರುಗುಳ್ಳೆ. ಉಳಿದ ಮೂವರ ಲಿವರಿಗೂ ಕೊಬ್ಬು. ಯಾವುದೂ ಅಪಾಯದ್ದಲ್ಲ, ಯಾವುದೂ ಯಾರಿಗೂ ಗೊತ್ತಿರಲಿಲ್ಲ.

“ಅಲ್ರೀ, ಈ ಊರಲ್ಲಿ ಹೊಟ್ಟೆ ಶುದ್ಧವಾಗಿರೋರು ಒಬ್ರೂ ಇಲ್ವಾ?” ಅಧ್ಯಕ್ಷರು ವರದಿಗಳನ್ನು ಮಡಿಸಿದರು. “ಹೋಗ್ಲಿ. ಅಯ್ಯಂಗಾರ್ರ ಮಚ್ಚೆಗೆ ಡಾಕ್ಟರ್ ಸರ್ಟಿಫಿಕೇಟ್ ಇದೆ. ದಿನಾ ಹನ್ನೊಂದು ರೌಂಡ್ ನಡೀತಾರೆ. ಪೇಟ ಅವರಿಗೇ. ಆಕ್ಷೇಪಣೆ ಇದ್ರೆ ಹೇಳಿ.”

ದೊರೆಸ್ವಾಮಿ ಕಲ್ಲುಗಳ ಚಿಂತೆಯಲ್ಲಿದ್ದರು. ನಾನು ನಡಾವಳಿಯಲ್ಲಿ ‘ಶ್ರೀ ರಾಮಾ’ ಎಂದು ಬರೆದಿದ್ದೆ. ಹನ್ನೊಂದು ವರ್ಷದ ತಪಸ್ಸು ಇನ್ನು ಎರಡು ಅಕ್ಷರಗಳಲ್ಲಿ ಮುಗಿಯುವುದಿತ್ತು.

“ಆಕ್ಷೇಪಣೆ ಇದೆ” ಎಂದು ಒಬ್ಬರು ಎದ್ದು ನಿಂತರು. ಅಯ್ಯಂಗಾರ್ಯರೇ.

ಅವರು ಹೆಂಡತಿಯ ಕೈಯಿಂದ ಫೈಲು ಇಸಿದುಕೊಂಡು ಒಂದು ಹಾಳೆ ಎಳೆದು ಅಧ್ಯಕ್ಷರ ಮುಂದಿಟ್ಟರು. “ಗೋದಾ, ಅರವತ್ತಾರು ವರ್ಷ. ಮಚ್ಚೆ ಇಲ್ಲ, ಕಲ್ಲಿಲ್ಲ, ಗುಳ್ಳೆ ಇಲ್ಲ, ಕೊಬ್ಬಿಲ್ಲ. ಓದ್ಕೊಳಿ.”

“ಸಂತೋಷ” ಎಂದರು ದೊರೆಸ್ವಾಮಿ, ಕಲ್ಲುಗಳನ್ನು ಮರೆತು. “ಆದ್ರೆ ಇದು ನಡಿಗೆದಾರರ ಸಂಘ. ಅವ್ರು ಈ ಪಾರ್ಕಲ್ಲಿ ಒಂದು ಸುತ್ತಾದ್ರೂ ನಡೆದಿದಾರಾ?”

“ಅದಕ್ಕೇ ನಾನು ಎದ್ದಿದ್ದು. ಹದಿನಾಲ್ಕು ದಿನ ಆ ಕುರ್ಚೀಲಿ ಕೂತಿದ್ನಲ್ಲ, ಸುಮ್ನೆ ಕೂರೋಕೆ ಬರಲ್ಲ ನಂಗೆ. ಸಾಯೋ ಭಯ ಬೇರೆ. ಎಣಿಸ್ತಿದ್ದೆ.” ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. “ಅಡುಗೆಮನೆಯಿಂದ ದೇವರಮನೆ ಇಪ್ಪತ್ತೆರಡು ಅಡಿ. ಹಿತ್ತಲ ನಲ್ಲಿ ನಲವತ್ತಡಿ. ಗೇಟು ಐವತ್ತಾರು. ಟೆರೇಸಿಗೆ ದಿನಕ್ಕೆ ನಾಲ್ಕು ಸಲ, ಮೂವತ್ತಾರು ಮೆಟ್ಲು. ಗಾಂಧಿಬಜಾರಿಗೆ ಹೋಗಿ ಬರೋದು ಸೇರಿಸಿ, ಸರಾಸರಿ ದಿನಕ್ಕೆ ಏಳು ಕಿಲೋಮೀಟರ್ ಇನ್ನೂರು ಮೀಟರ್. ನಾನು ಹನ್ನೊಂದು ರೌಂಡ್ ಹೊಡೆದ್ರೆ ನಾಲ್ಕು ನಾನೂರು. ಬರೀ ನನ್ನ ಕುರ್ಚಿ ಹತ್ರ ಏನಾದ್ರೂ ಹಿಡ್ಕೊಂಡು ಬಂದಿದ್ದೇ ದಿನಕ್ಕೆ ಹತ್ತೊಂಬತ್ತು ಸಲ!”

ಅವರು ಪುಸ್ತಕವನ್ನು ಅಧ್ಯಕ್ಷರ ಮುಂದಿಟ್ಟರು. ಗೋದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಏನ್ರೀ ಇದು, ಮನೆ ವಿಷ್ಯ ಎಲ್ಲಾ...” ಎಂದು ಗದರಿದರು.

ಮನೆಯೊಳಗೆ ನಡೆದದ್ದು ನಡಿಗೆಯಾಗುವುದಿಲ್ಲ ಎಂದು ದೊರೆಸ್ವಾಮಿ ಹಟ ಹಿಡಿದರು. ನಾನು ಬೈಲಾ ತೆಗೆದು ಓದಿದೆ: ‘ದಿನಕ್ಕೆ ಕನಿಷ್ಠ ಮೂರು ಕಿಲೋಮೀಟರ್ ನಡೆಯುವ ಬಡಾವಣೆಯ ನಿವಾಸಿ.’ ಎಲ್ಲಿ ನಡೆಯಬೇಕೆಂದು ಇರಲಿಲ್ಲ. ಅದನ್ನು ಬರೆದವನೂ ನಾನೇ, ಮರೆತವನೂ ನಾನೇ. ಕೊನೆಗೆ ಸ್ಥಳ ಪರಿಶೀಲನೆಯೆಂದು ತೀರ್ಮಾನವಾಗಿ, ಮರುದಿನ ಬೆಳಿಗ್ಗೆ ಆರಕ್ಕೆ ದೊರೆಸ್ವಾಮಿ ಗೋದಮ್ಮನವರ ಹಿಂದೆ ಹೊರಟರು. ಒಂಬತ್ತೂಕಾಲಿಗೆ ಟೆರೇಸಿನ ಮೆಟ್ಟಿಲ ಮೇಲೆ ಕುಸಿದು ಕೂತು ನೀರು ಕೇಳಿದರು. ಆಕೆ ತಂದುಕೊಟ್ಟರು. ದೊರೆಸ್ವಾಮಿ ಕುಡಿದು, ಏದುಸಿರಿನಲ್ಲೇ ನನ್ನ ಪುಸ್ತಕಕ್ಕೆ ಸಹಿ ಹಾಕಿದರು. “ಬರ್ಕೊಳಿ ರಾಯರೇ. ಪೇಟ ಆ ತಾಯಿಗೇ.”

ಭಾನುವಾರ ಪೇಟ ತೊಡಿಸಿದವರು ಅಯ್ಯಂಗಾರ್ಯರೇ. ಗೋದಮ್ಮನವರ ಜಡೆ ಅಡ್ಡ ಬಂದು ಪೇಟ ಸ್ವಲ್ಪ ಓರೆಯಾಗಿ ಕೂತಿತು. ಆರೋಗ್ಯದ ಗುಟ್ಟನ್ನು ಹೇಳಬೇಕೆಂದು ಅಧ್ಯಕ್ಷರು ಮೈಕು ಕೊಟ್ಟರು. ಆಕೆ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, “ನಂಗ್ ಗೊತ್ತಿಲ್ಲ. ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ” ಎಂದು ಹೇಳಿ ಕೂತುಬಿಟ್ಟರು. ಮುಂದಿನ ಸಾಲಿನಲ್ಲಿ ಅಯ್ಯಂಗಾರ್ಯರು ಚಪ್ಪಾಳೆ ತಟ್ಟುತ್ತ, ಅಳುತ್ತ, ಪಕ್ಕದಲ್ಲಿದ್ದ ಗುರುತಿಲ್ಲದವರನ್ನೆಲ್ಲ ತಿವಿದು ತಿವಿದು, “ನಮ್ಮನೆಯವ್ರು, ನಮ್ಮನೆಯವ್ರು” ಎನ್ನುತ್ತಿದ್ದರು. ಆ ಮನುಷ್ಯನ ಬಗ್ಗೆ ನನಗೆ ಅಂದಿನಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಅವರು ಈಗಲೂ ಅಳೆಯುವುದನ್ನು ಬಿಟ್ಟಿಲ್ಲ. ಕಳೆದ ತಿಂಗಳ ಲೆಕ್ಕ ನನಗೆ ತೋರಿಸಿದರು: ಗೋದಮ್ಮನವರದು ದಿನಕ್ಕೆ ಐದು ಕಿಲೋಮೀಟರಿಗೆ ಇಳಿದಿದೆ. ಉಳಿದ ಎರಡು ಕಿಲೋಮೀಟರು ಚಿಲ್ಲರೆಯನ್ನು ಅಯ್ಯಂಗಾರ್ಯರು ನಡೆಯುತ್ತಿದ್ದಾರೆ, ಅಡುಗೆಮನೆಯಿಂದ ಹಾಲಿಗೆ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು.